ವೈದ್ಯಕೀಯ ಕಾಲೇಜಿನಲ್ಲಿ ವೈದ್ಯರಲ್ಲದವರಿಗೂ ಕೆಲಸವುಂಟು



ವೈದ್ಯಕೀಯ ಕಾಲೇಜು ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದೇನು? ಬಿಳಿಯ ಕೋಟು, ಕುತ್ತಿಗೆಗೆ ನೇತುಬಿದ್ದ ಸ್ಟೆತಾಸ್ಕೋಪು, ಅಷ್ಟೇ ತಾನೆ? ಪಿಯುಸಿಯಲ್ಲಿ ವಿಜ್ಞಾನ ಓದಿ ನೀಟ್ ಪರೀಕ್ಷೆಯಲ್ಲಿ ಸೀಟು ಸಿಗದವರು ಆ ಕಾಲೇಜಿಗೂ ತಮಗೂ ಇನ್ನು ಸಂಬಂಧವಿಲ್ಲ ಎಂದುಕೊಂಡುಬಿಡುತ್ತಾರೆ. ಕಲಾ ವಿಭಾಗ, ವಾಣಿಜ್ಯ ವಿಭಾಗದವರಂತೂ ಆ ಕಡೆ ತಲೆ ಎತ್ತಿಯೂ ನೋಡುವುದಿಲ್ಲ. ಗುಂಡ್ಲುಪೇಟೆಯಿಂದ ತೆರಕಣಾಂಬಿ ಮಾರ್ಗವಾಗಿ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಬರುವ ನಿಮ್ಮಲ್ಲಿ ಎಷ್ಟೋ ಜನ ಯಡಬೆಟ್ಟದ ಬಳಿ ಎದ್ದಿರುವ ದೊಡ್ಡ ಕಟ್ಟಡಗಳನ್ನು ನೋಡಿದ್ದೀರಿ. ಅದರೊಳಗೆ ಕೆಲಸ ಮಾಡುವವರೆಲ್ಲ ಡಾಕ್ಟರುಗಳು ಮತ್ತು ನರ್ಸುಗಳೇ ಇರಬೇಕು ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಅರ್ಧ ಮಾತ್ರ ನಿಜ. ಉಳಿದ ಅರ್ಧವನ್ನು ಹೇಳಲು ಪರದೆಯ ಮೇಲಿನ ಮಾತುಕತೆಯಲ್ಲಿ ಸಮಯ ಸಾಲುವುದಿಲ್ಲ. ಆದ್ದರಿಂದ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಸಂಸ್ಥೆಯ ಪರಿಚಯ. ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಲ್ಲಿ ಆರಂಭವಾಯಿತು. ಜನರ ಬಾಯಲ್ಲಿ ಅದು 'ಸಿಮ್ಸ್'. ಎಂಬಿಬಿಎಸ್ ತರಗತಿಗೆ ವರ್ಷಕ್ಕೆ 150 ವಿದ್ಯಾರ್ಥಿಗಳು ಸೇರುತ್ತಾರೆ. 2021ರ ಅಕ್ಟೋಬರ್ 7ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಇಲ್ಲಿನ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು ಉದ್ಘಾಟಿಸಿದರು. ಮೈಸೂರು ಜಿಲ್ಲೆಯಿಂದ ಚಾಮರಾಜನಗರ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಅದಕ್ಕೂ ಮೊದಲಿಂದ ಈ ಸಂಸ್ಥೆ ಬರುವವರೆಗೂ ದೊಡ್ಡ ಕಾಯಿಲೆ ಎಂದರೆ ಮೈಸೂರಿನ ದಾರಿಯೇ ಗತಿ ಎನ್ನುವಂತಿತ್ತು. ಮೈಸೂರಿನ ವೈದ್ಯಕೀಯ ಕಾಲೇಜಾದರೋ ಬಹಳ ಹಳೆಯದು. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂತು. ಅಲ್ಲಿಯೇ ಜೆಎಸ್ಎಸ್ ವೈದ್ಯಕೀಯ ಕಾಲೇಜು 1984ರಿಂದ ಇದೆ. ಗುಂಡ್ಲುಪೇಟೆಯವರಿಗೆ ಮೈಸೂರು ಸುಮಾರು 60 ಕಿಲೋಮೀಟರು. ಹೀಗಾಗಿ ನಾನು ಇಲ್ಲಿ ಹೇಳುವ ಮಾತು ಈ ಮೂರೂ ಕಡೆಗೆ ಅನ್ವಯಿಸುತ್ತದೆ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ವಿಶ್ವವಿದ್ಯಾಲಯವೇ ಬೇರೆ, ಸಂಸ್ಥೆಯೇ ಬೇರೆ. ಪಠ್ಯಕ್ರಮ, ಪರೀಕ್ಷೆ, ಪದವಿ ಇವು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೊಣೆ. ಆ ವಿಶ್ವವಿದ್ಯಾಲಯ 1996ರಲ್ಲಿ ಸ್ಥಾಪನೆಯಾಯಿತು. ಆದರೆ ಸಿಬ್ಬಂದಿ, ಸಂಬಳ, ಖರೀದಿ, ಕಟ್ಟಡ ಇವೆಲ್ಲ ಸಂಸ್ಥೆಯದು. ಸಿಮ್ಸ್ ರಾಜ್ಯ ಸರ್ಕಾರದ ವೈದ್ಯಕೀಯ ಶಿಕ್ಷಣ ಇಲಾಖೆಯ ಅಡಿಯಲ್ಲಿರುವ ಸ್ವಾಯತ್ತ ಸಂಸ್ಥೆ. ಕೆಲಸದ ಪ್ರಕಟಣೆ ಯಾರ ಹೆಸರಿನಲ್ಲಿ ಬಂದಿದೆ ಎಂಬುದನ್ನು ನೋಡುವಾಗ ಈ ವ್ಯತ್ಯಾಸ ತಿಳಿದಿರಲಿ. ಅರ್ಜಿಯನ್ನು ತಪ್ಪು ವಿಳಾಸಕ್ಕೆ ಕಳುಹಿಸಿ ಕಾದು ಕೂತವರಿದ್ದಾರೆ.

ಸತ್ತ ಮಂಗಗಳೂ ಒಂದು ಸಂಶೋಧನೆಯೂ

ಸಂಶೋಧನೆ ಎಂದರೆ ಗಾಜಿನ ನಳಿಗೆ ಹಿಡಿದ ವಿಜ್ಞಾನಿಯ ಚಿತ್ರವೇ ನಮ್ಮ ಮನಸ್ಸಿನಲ್ಲಿ ನಿಲ್ಲುತ್ತದೆ. ನಿಮ್ಮ ಊರಿನ ಪಕ್ಕದಲ್ಲೇ ನಡೆದ ಒಂದು ಸಂಗತಿಯನ್ನು ನೋಡೋಣ. 2012ರ ಕೊನೆಯಲ್ಲಿ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸತ್ತ ಮಂಗಗಳನ್ನು ಸುಡುವ ಕೆಲಸದಲ್ಲಿದ್ದ ಕೆಲವರಿಗೆ ಜ್ವರ ಬಂತು. ಮಾದರಿಗಳು ಪುಣೆಯ ರಾಷ್ಟ್ರೀಯ ವಿಷಾಣು ಸಂಸ್ಥೆಗೆ ಹೋದವು. ಬಂದ ಉತ್ತರ: ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ನಮ್ಮ ಜನ ಹೇಳುವ ಮಂಗನ ಕಾಯಿಲೆ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗ ಮಲೆನಾಡಿನದು ಎಂದೇ ಎಲ್ಲರೂ ತಿಳಿದಿದ್ದರು. ಅದು ತೆಂಕಣ ಗಡಿಯ ಬಂಡೀಪುರಕ್ಕೂ ಬಂದಿದೆ ಎಂಬ ವರದಿ 2013ರಲ್ಲಿ ಅಂತರರಾಷ್ಟ್ರೀಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ವರದಿಯ ಮೇಲೆ ವಿಜ್ಞಾನಿಗಳ ಹೆಸರುಗಳಿವೆ, ಅದು ಸರಿಯೇ. ಆದರೆ ಇಂಥ ಒಂದು ವರದಿ ಹುಟ್ಟಬೇಕಾದರೆ ಎಷ್ಟು ಕೈಗಳು ಬೇಕು, ಲೆಕ್ಕ ಹಾಕಿ. ಕಾಡಿನೊಳಗೆ ಸತ್ತ ಮಂಗವನ್ನು ಕಂಡು, ಯಾವ ವಲಯ, ಯಾವ ದಿನ ಎಂದು ಬರೆದುಕೊಳ್ಳುವವರು ಬೇಕು. ಉಣ್ಣೆ ಹುಳುಗಳನ್ನು ಹಿಡಿಯಲು ಬಿಳಿ ಬಟ್ಟೆಯನ್ನು ಹುಲ್ಲಿನ ಮೇಲೆ ಎಳೆದುಕೊಂಡು ಹೋಗುವವರು ಬೇಕು. ಈ ರೋಗ ಹರಡುವುದು ಆ ಹುಳುಗಳ ಕಡಿತದಿಂದ. ಜ್ವರ ಬಂದವರ ಮನೆ ಹುಡುಕಿ, ಅವರಿಗೆ ವಿಷಯ ತಿಳಿಸಿ, ಒಪ್ಪಿಗೆ ಪಡೆದು ರಕ್ತ ತೆಗೆಯುವವರು ಬೇಕು. ಆ ರಕ್ತವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಬಿಸಿಲಿಗೆ ಕೆಡದಂತೆ ಪ್ರಯೋಗಶಾಲೆಗೆ ಮುಟ್ಟಿಸುವವರು, ಅಲ್ಲಿ ಪರೀಕ್ಷೆ ಮಾಡುವ ತಂತ್ರಜ್ಞರು, ಫಲಿತಾಂಶವನ್ನು ಗಣಕಯಂತ್ರಕ್ಕೆ ಏರಿಸುವವರು, ಅಂಕಿಗಳನ್ನು ಜೋಡಿಸಿ ಅರ್ಥ ಹೇಳುವ ಸಂಖ್ಯಾಶಾಸ್ತ್ರಜ್ಞರು ಬೇಕು. ಇವರಲ್ಲಿ ಎಂಬಿಬಿಎಸ್ ಓದಿರಲೇಬೇಕಾದವರು ಎಷ್ಟು ಮಂದಿ? ಬೆರಳೆಣಿಕೆಯಷ್ಟು.

ಸಂಶೋಧನಾ ಹುದ್ದೆಗಳು ಬಹುಮಟ್ಟಿಗೆ ಯೋಜನೆಗಳ ಮೂಲಕ ಬರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಬಹಳ ಹಳೆಯ ಸಂಸ್ಥೆ. 1911ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿ 1949ರಲ್ಲಿ ಈಗಿನ ಹೆಸರು ಪಡೆಯಿತು. ಕಾಲೇಜಿನ ಪ್ರಾಧ್ಯಾಪಕರೊಬ್ಬರು ಒಂದು ಪ್ರಶ್ನೆಯನ್ನು ಹಿಡಿದು ಈ ಮಂಡಳಿಗೋ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಗೋ ವಿಶ್ವವಿದ್ಯಾಲಯಕ್ಕೋ ಪ್ರಸ್ತಾವನೆ ಕಳುಹಿಸುತ್ತಾರೆ. ಅದು ಮಂಜೂರಾದರೆ ಹಣದ ಜೊತೆಗೆ ಕೆಲವು ಹುದ್ದೆಗಳೂ ಮಂಜೂರಾಗುತ್ತವೆ: ಕ್ಷೇತ್ರ ಸಹಾಯಕರು, ಪ್ರಯೋಗಶಾಲಾ ತಂತ್ರಜ್ಞರು, ದತ್ತಾಂಶ ನಿರ್ವಾಹಕರು, ಮೇಲ್ಮಟ್ಟದಲ್ಲಿ ಸಂಶೋಧನಾ ವಿಜ್ಞಾನಿಗಳು. ಕೆಳಗಿನ ಹಂತದ ಕೆಲಸಗಳಿಗೆ ಡಿಪ್ಲೊಮಾ ಅಥವಾ ಸಾಮಾನ್ಯ ಪದವಿ ಸಾಕು. ಮೇಲಿನದಕ್ಕೆ ಎಂ.ಎಸ್ಸಿ., ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಪಿಎಚ್.ಡಿ. ಬೇಕಾಗುತ್ತದೆ. ಯೋಜನೆ ಮುಗಿದ ದಿನ ಹುದ್ದೆಯೂ ಮುಗಿಯುತ್ತದೆ, ಇದನ್ನು ಮುಚ್ಚಿಡುವುದು ಬೇಡ. ಎರಡು ವರ್ಷ, ಮೂರು ವರ್ಷ ಕಳೆದ ಮೇಲೆ ಮತ್ತೆ ಇನ್ನೊಂದನ್ನು ಹುಡುಕಬೇಕು. ಆದರೂ ಮೊದಲ ಯೋಜನೆಯಲ್ಲಿ ಶಿಸ್ತಿನಿಂದ ಕೆಲಸ ಮಾಡಿದವರನ್ನು ಎರಡನೆಯದಕ್ಕೆ ಹುಡುಕಿಕೊಂಡು ಬರುವುದನ್ನೂ ಕಂಡಿದ್ದೇವೆ. ನಾಲ್ಕು ತಿಂಗಳ ಮನೆಮನೆ ಸಮೀಕ್ಷೆ ಮಾಡಿದ ಅನುಭವ ಎಷ್ಟೋ ಕಡೆ ಅಂಕಪಟ್ಟಿಗಿಂತ ಹೆಚ್ಚು ಮಾತಾಡುತ್ತದೆ.

ಸಂಖ್ಯಾಶಾಸ್ತ್ರದ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಗಣಿತ ಇಷ್ಟವಿರುವ ವಿದ್ಯಾರ್ಥಿಗಳು ಎಂಜಿನಿಯರಿಂಗ್ ಬಿಟ್ಟರೆ ಬೇರೆ ದಾರಿಯಿಲ್ಲ ಎಂದುಕೊಂಡಿದ್ದಾರೆ. ಪ್ರತಿ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗಕ್ಕೂ ಅಂಕಿ ಅಂಶ ಬಲ್ಲವರು ಬೇಕು. ಏಕೆ? ಆಸ್ಪತ್ರೆಯ ಸರದಿಯಲ್ಲಿ ನಿಂತ 100 ಜನರನ್ನು ಪರೀಕ್ಷಿಸಿದಾಗ 40 ಜನರಿಗೆ ಸಕ್ಕರೆ ಕಾಯಿಲೆ ಕಂಡುಬಂತು ಎಂದು ಇಟ್ಟುಕೊಳ್ಳಿ. ಜಿಲ್ಲೆಯಲ್ಲಿ 100ಕ್ಕೆ 40 ಮಂದಿಗೆ ಸಕ್ಕರೆ ಕಾಯಿಲೆ ಎಂದು ಹೇಳಬಹುದೆ? ಖಂಡಿತ ಇಲ್ಲ. ಆಸ್ಪತ್ರೆಗೆ ಬರುವವರು ಕಾಯಿಲೆಯವರೇ. ಹೊಲದಲ್ಲಿ ಅರಿಸಿನ ಅಗೆಯುತ್ತಿರುವವರು, ಚೆಂಡು ಹೂ ಬಿಡಿಸುತ್ತಿರುವವರು ಆ ಸರದಿಯಲ್ಲಿ ಇಲ್ಲ. ಹಾಗಾದರೆ ಎಷ್ಟು ಹಳ್ಳಿ, ಎಷ್ಟು ಮನೆ, ಯಾವ ಮನೆ? ಇದನ್ನು ಮೊದಲೇ ಹೇಳಬಲ್ಲವರು ಇಲ್ಲದಿದ್ದರೆ ಅಧ್ಯಯನಕ್ಕೆ ಸುರಿದ ಹಣವೆಲ್ಲ ನೀರು ಪಾಲು. ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಳ್ಳುವ ಹುಡುಗ ಹುಡುಗಿಯರು ನಮ್ಮ ಕಡೆ ಕಡಿಮೆ. ಇದು ವಿಷಾದದ ಸಂಗತಿ ಎಂಬುದು ನನ್ನ ಅಭಿಪ್ರಾಯ.

ಎಂ.ಎಸ್ಸಿ. ಮಾಡಿದವರು ಬೋಧಕರೂ ಆಗಬಹುದೆ ಎಂದು ಕೇಳುತ್ತೀರಿ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರದಂಥ ವಿಭಾಗಗಳಲ್ಲಿ ಎಂಬಿಬಿಎಸ್ ಇಲ್ಲದೆ ವೈದ್ಯಕೀಯ ಎಂ.ಎಸ್ಸಿ. ಮತ್ತು ಪಿಎಚ್.ಡಿ. ಮಾಡಿದವರಿಗೆ ಸ್ವಲ್ಪ ಭಾಗ ಹುದ್ದೆಗಳಿವೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2020ರ ನಿಯಮದಲ್ಲಿ ಈ ಭಾಗವನ್ನು ಕಿರಿದು ಮಾಡಿತು, 2025ರಲ್ಲಿ ಮತ್ತೆ ಹಿಗ್ಗಿಸಿತು. ಹೀಗೆ ನಿಯಮ ಆಡುತ್ತಿರುವುದರಿಂದ ಎಂ.ಎಸ್ಸಿ.ಗೆ ಸೇರುವ ವರ್ಷ ಯಾವ ನಿಯಮವಿದೆ ಎಂದು ತಿಳಿದುಕೊಂಡೇ ಸೇರಿ.

'ನಿಮ್ಮಿಷ್ಟ ಕಣವ್ವ'

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. ಚಾಮರಾಜನಗರ, ಗುಂಡ್ಲುಪೇಟೆಯ ವಿದ್ಯಾರ್ಥಿಗಳಿಗೆ ದೊಡ್ಡ ನಗರದವರಿಗಿಂತ ಒಂದು ಹೆಚ್ಚಿನ ಬಂಡವಾಳ ಇರುವುದು ಇಲ್ಲಿಯೇ.

ಯಾವುದೇ ವೈದ್ಯಕೀಯ ಅಧ್ಯಯನಕ್ಕೆ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮೊದಲು ಆತನಿಗೆ ಅಥವಾ ಆಕೆಗೆ ಅರ್ಥವಾಗುವ ಭಾಷೆಯಲ್ಲಿ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂಬುದು ನಿಯಮ. ಇಂಗ್ಲಿಷಿನಲ್ಲಿ ಬರೆದ ಒಪ್ಪಿಗೆ ಪತ್ರ ಕನ್ನಡಕ್ಕೆ ಬರುವಾಗ ಹೀಗಾಗುತ್ತದೆ: 'ಪ್ರಸ್ತುತ ಅಧ್ಯಯನದಲ್ಲಿ ತಮ್ಮ ಸಹಭಾಗಿತ್ವವು ಸಂಪೂರ್ಣವಾಗಿ ಸ್ವಯಂಪ್ರೇರಿತವಾಗಿರುತ್ತದೆ.' ಇದನ್ನು ಹಂಗಳದ ಕಡೆಯ ಅಜ್ಜಿಯೊಬ್ಬರ ಮುಂದೆ ಓದಿದರೆ ಅವರು ತಲೆಯಾಡಿಸಿ ಹೆಬ್ಬೆಟ್ಟು ಒತ್ತುತ್ತಾರೆ. ಅದು ಒಪ್ಪಿಗೆಯಲ್ಲ, ಸಂಕೋಚ. ಅದೇ ಊರಿನ ಹುಡುಗಿ ಎದುರು ಕೂತು 'ನಿಮ್ಮಿಷ್ಟ ಕಣವ್ವ, ಬ್ಯಾಡ ಅಂದ್ರೂ ನಿಮ್ಗೆ ಕೊಡೋ ಔಷ್ದಿ ಏನೂ ನಿಲ್ಸೋದಿಲ್ಲ' ಎಂದರೆ ಅಜ್ಜಿ ಬಾಯಿಬಿಟ್ಟು ಪ್ರಶ್ನೆ ಕೇಳುತ್ತಾರೆ. 'ಎಷ್ಟು ರಕ್ತ ತಗೀತೀಯ? ಆಮೇಲೆ ಅದ್ನ ಏನು ಮಾಡ್ತೀರಿ?' ಈ ಪ್ರಶ್ನೆ ಬಂದಾಗಲೇ ಒಪ್ಪಿಗೆ ಶುರುವಾಗುವುದು. ಸೋಲಿಗರ ನುಡಿ, ಜೇನುಕುರುಬರ ನುಡಿ, ಗಡಿಯ ತಮಿಳು, ಮಲಯಾಳಂ ಬಲ್ಲವರು ಈ ಜಿಲ್ಲೆಯಲ್ಲಿ ಕ್ಷೇತ್ರ ಕೆಲಸಕ್ಕೆ ಎಷ್ಟು ಬೆಲೆಯುಳ್ಳವರು ಎಂಬುದನ್ನು ಯೋಚಿಸಿ.

ಇದರಲ್ಲಿ ಪಣಕ್ಕಿರುವುದೇನು ಎಂದು ತಿಳಿಯಲು ಕುಡಗೋಲು ಕಣ ರಕ್ತಹೀನತೆಯನ್ನೇ ತೆಗೆದುಕೊಳ್ಳಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಈ ಕಾಯಿಲೆಯ ಬಗ್ಗೆ ಬಹಳ ಹಿಂದಿನಿಂದ ಕೆಲಸ ಮಾಡುತ್ತಾ ಬಂದಿದೆ. ಸೋಲಿಗ ಹೆಣ್ಣುಮಕ್ಕಳನ್ನೇ ಸಹಾಯಕ ನರ್ಸುಗಳಾಗಿ ತರಬೇತು ಮಾಡಿದ್ದು ಆ ಕೇಂದ್ರದ ಹೆಗ್ಗಳಿಕೆ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಆರಂಭಿಸಿದ ರಾಷ್ಟ್ರೀಯ ಅಭಿಯಾನದಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿಯಿದೆ. ಈ ಕಾಯಿಲೆಯಲ್ಲಿ ಎರಡು ಸ್ಥಿತಿಗಳಿವೆ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನು ಬಂದರೆ ಕಾಯಿಲೆ, ಒಬ್ಬರಿಂದ ಮಾತ್ರ ಬಂದರೆ ವಾಹಕ. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಈಗ ಗಣಕಯಂತ್ರದ ಮುಂದೆ ಕೂತವರು ಒಂದು ಮನೆಯ ಕಾಲಂನಲ್ಲಿ 'ವಾಹಕ' ಎಂಬಲ್ಲಿ 'ಇಲ್ಲ' ಎಂದು ಒತ್ತಿದರೆ ಏನಾಗುತ್ತದೆ, ನೀವೇ ಹೇಳಿ. ಇನ್ನೊಂದು ಬಗೆಯ ತಪ್ಪೂ ಇದೆ. ಫಲಿತಾಂಶದ ಚೀಟಿಯನ್ನು ಹಾಡಿಯ ಮಧ್ಯೆ ಎಲ್ಲರ ಮುಂದೆ ಓದಿ ಹೇಳಿದರೆ ಒಂದು ಹುಡುಗಿಯ ಮದುವೆ ಮುರಿಯಬಹುದು. ಆದ್ದರಿಂದಲೇ ಕ್ಷೇತ್ರ ಸಹಾಯಕರಿಗೆ ಹೆಸರಿನ ಬದಲು ಸಂಖ್ಯೆ ಬರೆಯಲು ಕಲಿಸುತ್ತಾರೆ, ಕಾಗದಗಳಿಗೆ ಬೀಗ ಹಾಕಿಸುತ್ತಾರೆ, ಮನೆಯೊಳಗೆ ಕೂತು ಒಬ್ಬರಿಗೇ ಹೇಳಲು ಕಲಿಸುತ್ತಾರೆ. ಸಮಾಜಶಾಸ್ತ್ರ ಅಥವಾ ಸಮಾಜಕಾರ್ಯ ಓದಿದವರು, ಊರಿನ ನಡವಳಿಕೆ ಬಲ್ಲವರು ಈ ಕೆಲಸಕ್ಕೆ ಸಲ್ಲುತ್ತಾರೆ.

ಇದನ್ನೆಲ್ಲ ನೋಡಿಕೊಳ್ಳಲು ನೈತಿಕ ಸಮಿತಿ ಎಂಬುದೊಂದಿದೆ. ಹೊಸ ಔಷಧಿಗಳ ಪ್ರಯೋಗದ ಬಗ್ಗೆ 2019ರಲ್ಲಿ ಬಂದ ಕೇಂದ್ರ ನಿಯಮಗಳ ಪ್ರಕಾರ ಅದರಲ್ಲಿ ಕನಿಷ್ಠ 7 ಸದಸ್ಯರಿರಬೇಕು, ಅರ್ಧದಷ್ಟು ಮಂದಿ ಸಂಸ್ಥೆಯ ಹೊರಗಿನವರಿರಬೇಕು, ಒಬ್ಬ ಕಾನೂನು ಬಲ್ಲವರು, ಒಬ್ಬ ಸಾಮಾನ್ಯ ನಾಗರಿಕರು, ಒಬ್ಬ ಮಹಿಳೆಯಾದರೂ ಇರಬೇಕು. ಸದಸ್ಯತ್ವ ನೌಕರಿಯಲ್ಲ, ನಿಜ. ಆದರೆ ಸಮಿತಿಯ ಕಚೇರಿಗೆ ಕಡತ ಇಡುವವರು, ಸಭೆಯ ನಡವಳಿ ಬರೆಯುವವರು, ಒಪ್ಪಿಗೆ ಪತ್ರದ ಅನುವಾದ ಸರಿಯಿದೆಯೇ ಎಂದು ನೋಡುವವರು ಬೇಕಾಗುತ್ತಾರೆ. ಕನ್ನಡ ಎಂ.ಎ. ಮಾಡಿದವರು ವೈದ್ಯಕೀಯ ಕಾಲೇಜಿನ ಕಡೆ ನೋಡಬಾರದು ಎಂದು ಯಾರು ಹೇಳಿದರು?

ಕಚೇರಿ ಕೆಲಸವೆಂದರೆ ಬರೀ ಕಡತವೆ?

ಆಡಳಿತದ ಹುದ್ದೆಗಳ ಬಗ್ಗೆ ನಮ್ಮಲ್ಲಿ ಒಂದು ಬಗೆಯ ತಾತ್ಸಾರವಿದೆ. ಗುಮಾಸ್ತೆ ಕೆಲಸ ಎಂದು ಮೂಗು ಮುರಿಯುವವರೂ ಇದ್ದಾರೆ, ಕಷ್ಟವಿಲ್ಲದ ಕೆಲಸ ಎಂದು ಆಸೆಪಡುವವರೂ ಇದ್ದಾರೆ. ಎರಡೂ ತಪ್ಪು ಎಂದು ಚಾಮರಾಜನಗರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2021ರ ಮೇ 2 ಮತ್ತು 3ರ ನಡುವೆ, ಕೋವಿಡ್‌ನ ಎರಡನೆಯ ಅಲೆಯ ಕಾಲದಲ್ಲಿ, ಇಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಅಂದು ರಾತ್ರಿ ಆಮ್ಲಜನಕ ಮುಗಿದಿತ್ತು. ಹೈಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದ ಸಮಿತಿ ಆಮ್ಲಜನಕದ ಕೊರತೆಯನ್ನು ತನ್ನ ವರದಿಯಲ್ಲಿ ಎತ್ತಿ ಹೇಳಿತು. ಯಾರ ತಪ್ಪು ಎಷ್ಟು ಎಂಬ ಚರ್ಚೆಗೆ ಇದು ಜಾಗವಲ್ಲ. ಆದರೆ ಆ ರಾತ್ರಿಯಂಥ ರಾತ್ರಿಯ ಲೆಕ್ಕ ಹೇಗಿರುತ್ತದೆ ಎಂಬುದನ್ನು ನೀವು ತಿಳಿದಿರಬೇಕು.

ಜಂಬೋ ಎಂದು ಕರೆಯುವ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7000 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಬೇಕಾದ ಒಬ್ಬ ರೋಗಿಗೆ ಅದು ಹನ್ನೊಂದೂವರೆ ಗಂಟೆಗೂ ಹೆಚ್ಚು ಬರುತ್ತದೆ. ನಿಮಿಷಕ್ಕೆ 60 ಲೀಟರ್ ಎಳೆಯುವ ಯಂತ್ರಕ್ಕೆ ಜೋಡಿಸಿದರೆ ಎರಡು ಗಂಟೆಯೂ ಬಾರದು. ಉದಾಹರಣೆಗೆ ಒಂದು ವಾರ್ಡಿನಲ್ಲಿ 50 ರೋಗಿಗಳಿದ್ದು ಪ್ರತಿಯೊಬ್ಬರಿಗೂ ನಿಮಿಷಕ್ಕೆ 10 ಲೀಟರ್ ಬೇಕು ಎಂದಿಟ್ಟುಕೊಳ್ಳೋಣ. ಒಟ್ಟು ನಿಮಿಷಕ್ಕೆ 500 ಲೀಟರ್. ಅಂದರೆ ಒಂದು ಸಿಲಿಂಡರ್ 14 ನಿಮಿಷದಲ್ಲಿ ಖಾಲಿ. ದಿನಕ್ಕೆ ನೂರಕ್ಕೂ ಹೆಚ್ಚು. ಮೈಸೂರಿನಿಂದ ಲಾರಿ ಬರಲು ಎರಡು ಗಂಟೆ ಹಿಡಿದರೆ ಆ ಎರಡು ಗಂಟೆಗೇ 8, 9 ಸಿಲಿಂಡರ್ ಕೈಯಲ್ಲಿರಬೇಕು. ಲಾರಿ ಹೊರಡುವ ಮೊದಲು ಬೇಡಿಕೆ ಪತ್ರ ಹೋಗಿರಬೇಕು, ಖಾಲಿ ಸಿಲಿಂಡರುಗಳು ತುಂಬಲು ಹೋಗಿರಬೇಕು, ಯಾರು ಯಾರಿಗೆ ದೂರವಾಣಿ ಮಾಡಬೇಕು ಎಂಬುದು ಗೋಡೆಯ ಮೇಲೆ ಬರೆದಿರಬೇಕು. ಹತ್ತನೆಯ ತರಗತಿಯ ಗಣಿತ ಇದು. ಇದನ್ನು ಮಾಡಬೇಕಾದವರು ಉಗ್ರಾಣದ ಪುಸ್ತಕ ಬರೆಯುವವರು, ಬೇಡಿಕೆ ಪತ್ರ ತಯಾರಿಸುವವರು, ಅದಕ್ಕೆ ಸಹಿ ಹಾಕುವ ಅಧಿಕಾರಿ. ಉಗ್ರಾಣದ ಪುಸ್ತಕದಲ್ಲಿ ಇದೆ ಎಂದು ಬರೆದದ್ದು ಕೋಣೆಯಲ್ಲೂ ಇರುವಂತೆ ನೋಡಿಕೊಳ್ಳುವುದು, ಇಷ್ಟೇ ಆ ಕೆಲಸದ ಸಾರ. ಕಾಣಲು ಸಣ್ಣದು.

ಹೀಗಿರುವ ಆಡಳಿತದ ಏಣಿ ಹೇಗಿದೆ? ಮೇಲ್ಗಡೆ ನಿರ್ದೇಶಕರು, ವೈದ್ಯಕೀಯ ಅಧೀಕ್ಷಕರು, ಇವರು ವೈದ್ಯರು. ಮುಖ್ಯ ಆಡಳಿತಾಧಿಕಾರಿಗಳು ಸಾಮಾನ್ಯವಾಗಿ ಕೆಎಎಸ್ ಅಧಿಕಾರಿಗಳು, ಲೆಕ್ಕಪತ್ರದ ಮುಖ್ಯಸ್ಥರು ರಾಜ್ಯ ಲೆಕ್ಕಪತ್ರ ಇಲಾಖೆಯಿಂದ ನಿಯೋಜನೆಯ ಮೇಲೆ ಬರುವವರು. ಕೆಳಗೆ ಅಧೀಕ್ಷಕರು, ಪ್ರಥಮ ದರ್ಜೆ ಸಹಾಯಕರು, ದ್ವಿತೀಯ ದರ್ಜೆ ಸಹಾಯಕರು, ಶೀಘ್ರಲಿಪಿಗಾರರು. ದ್ವಿತೀಯ ದರ್ಜೆಗೆ ಪಿಯುಸಿ, ಪ್ರಥಮ ದರ್ಜೆಗೆ ಪದವಿ. ಬಿ.ಕಾಂ. ಓದಿದವರು ಲೆಕ್ಕ ಶಾಖೆಯಲ್ಲಿ ಬೇಗ ಕಾಲೂರುತ್ತಾರೆ. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆ ಇರಬೇಕೆಂದು ರಾಜ್ಯದಲ್ಲಿ 1999ರ ಕಾಯಿದೆಯೇ ಇದೆ. ಟೆಂಡರು ಕರೆಯುವ ಕ್ರಮ, ದರಪಟ್ಟಿಯ ಹೋಲಿಕೆ, ಬಿಲ್ಲಿನ ತಪಾಸಣೆ ತಿಳಿದ ಗುಮಾಸ್ತರೊಬ್ಬರಿದ್ದರೆ ಅಧಿಕಾರಿಗಳೂ ಅವರ ಮೇಜಿನ ಬಳಿಗೆ ಬಂದು ಕೇಳುತ್ತಾರೆ.

ಆಸ್ಪತ್ರೆಯ ಭಾಗದಲ್ಲಿ ಇನ್ನೂ ಕೆಲವು ಕೆಲಸಗಳಿವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಮೇಜಿನಲ್ಲಿ ಕೂತು ರೋಗಿಯ ಕಾರ್ಡು ನೋಡಿ ದಾರಿ ತೋರಿಸುವ ಆರೋಗ್ಯಮಿತ್ರರನ್ನು ನೀವು ಕಂಡಿರಬಹುದು. ಸಾಮಾಜಿಕ ಕಾರ್ಯಕರ್ತರಿದ್ದಾರೆ. ವೈದ್ಯಕೀಯ ದಾಖಲೆ ವಿಭಾಗ ಎಂಬುದೊಂದು ಇದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ರೋಗಿ ಮನೆಗೆ ಹೋದ ಮೇಲೂ ಅವನ ಕಡತ ಅಲ್ಲಿರುತ್ತದೆ. ರೋಗಗಳಿಗೆ ಅಂತರರಾಷ್ಟ್ರೀಯ ಸಂಕೇತ ಸಂಖ್ಯೆಗಳಿವೆ, ಅವನ್ನು ಹಾಕಬೇಕು. ಆಸ್ಪತ್ರೆಯಲ್ಲಿ ಸಾವು ಸಂಭವಿಸಿದರೆ ಜನನ ಮರಣ ನೋಂದಣಿಯ ಕಾಯಿದೆಯಂತೆ ವೈದ್ಯರು ಸಾವಿನ ಕಾರಣದ ಪ್ರಮಾಣಪತ್ರ ಬರೆಯುತ್ತಾರೆ: ಕೊನೆಯ ಕಾರಣ ಏನು, ಅದರ ಹಿಂದಿನ ಮೂಲ ಕಾರಣ ಏನು ಎಂದು. ಅದು ಸರಿಯಾಗಿ ತುಂಬಿದೆಯೇ ಎಂದು ನೋಡಿ ಮುಂದಕ್ಕೆ ಕಳುಹಿಸುವವರು ದಾಖಲೆ ವಿಭಾಗದವರು. ವಿಮೆ, ಪರಿಹಾರ, ಪಿಂಚಣಿ, ನ್ಯಾಯಾಲಯ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಆ ಕಪಾಟಿನ ಮುಂದೆ. ವೈದ್ಯಕೀಯ ದಾಖಲೆ ತಂತ್ರಜ್ಞಾನದ ಡಿಪ್ಲೊಮಾವನ್ನು ರಾಜ್ಯದ ಅರೆವೈದ್ಯಕೀಯ ಮಂಡಳಿ ನಡೆಸುತ್ತದೆ. ಪ್ರಯೋಗಶಾಲೆ, ಕ್ಷ-ಕಿರಣ, ಡಯಾಲಿಸಿಸ್ ಡಿಪ್ಲೊಮಾಗಳ ಹೆಸರನ್ನೇ ಎಲ್ಲರೂ ಹೇಳುವುದರಿಂದ ಇದು ಮರೆಯಲ್ಲಿ ಉಳಿದಿದೆ.

ಪ್ರಕಟಣೆಯನ್ನು ಓದುವ ಬಗೆ

ಪ್ರಕಟಣೆಯಲ್ಲಿ ಬರುವ ಕೆಲವು ಶಬ್ದಗಳ ಅರ್ಥ ತಿಳಿದಿರಲಿ. 'ಖಾಯಂ' ಎಂದರೆ ನಿಯಮಗಳಡಿಯ ಸೇವೆ. ಇಂಥ ಗುಮಾಸ್ತ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆ ಇರುತ್ತದೆ, ಕನ್ನಡ ಭಾಷಾ ಪರೀಕ್ಷೆಯೂ ಇರುತ್ತದೆ. 'ಗುತ್ತಿಗೆ, ಸಂಚಿತ ವೇತನ' ಎಂದರೆ ಗೊತ್ತಾದ ಅವಧಿ, ತಿಂಗಳಿಗೆ ಗೊತ್ತಾದ ಮೊತ್ತ, ಅದರ ಮೇಲೆ ಭತ್ಯೆಗಳಿಲ್ಲ. 'ಹೊರಗುತ್ತಿಗೆ' ಎಂದರೆ ನೀವು ಕೆಲಸ ಮಾಡುವುದು ಆಸ್ಪತ್ರೆಯಲ್ಲಿ, ಆದರೆ ನಿಮ್ಮ ಮಾಲೀಕ ಒಂದು ಏಜೆನ್ಸಿ. ಸ್ವಚ್ಛತೆ, ಭದ್ರತೆ, ದತ್ತಾಂಶ ನಮೂದು ಹೆಚ್ಚಾಗಿ ಈ ದಾರಿಯಲ್ಲೇ ನಡೆಯುತ್ತಿವೆ. ಸೇರುವುದಾದರೆ ನೇಮಕಾತಿ ಪತ್ರ, ಭವಿಷ್ಯನಿಧಿಯ ಸಂಖ್ಯೆ, ಇಎಸ್ಐ ಸಂಖ್ಯೆ ಇವನ್ನು ಮೊದಲ ತಿಂಗಳೇ ಕೇಳಿ ಪಡೆಯಿರಿ. ಕೇಳಿದರೆ ಬೇಸರಪಟ್ಟುಕೊಳ್ಳುವ ಏಜೆನ್ಸಿಯ ಬಗ್ಗೆ ಅನುಮಾನಪಡುವುದು ತಪ್ಪಲ್ಲ. 'ನೇರ ಸಂದರ್ಶನ' ಎಂದಿದ್ದರೆ ಮೂಲ ಅಂಕಪಟ್ಟಿಗಳೊಡನೆ ಆ ದಿನ ಅಲ್ಲಿರಬೇಕು. ಯೋಜನಾ ಹುದ್ದೆಗಳಿಗೆ ಹೆಚ್ಚಾಗಿ ಹೀಗೆಯೇ ಕರೆಯುತ್ತಾರೆ, ಸಮಯ ಬಹಳ ಕಡಿಮೆ ಇರುತ್ತದೆ. ಸಂಸ್ಥೆಯ ಜಾಲತಾಣವನ್ನೂ ಸೂಚನಾ ಫಲಕವನ್ನೂ ವಾರಕ್ಕೊಮ್ಮೆಯಾದರೂ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಕಾಫಿ ಕುಡಿಸಿ 'ಒಳಗೆ ನಮ್ಮವರಿದ್ದಾರೆ, ಇಷ್ಟು ಕೊಟ್ಟರೆ ಆಗುತ್ತದೆ' ಎನ್ನುವವರ ಕೈಗೆ ಅಪ್ಪನ ಹಸು ಮಾರಿದ ಹಣ ಇಡಬೇಡಿ.

ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ನೆಯ ತರಗತಿಯವರೆಗಿನ ಓದನ್ನು ನೋಡುತ್ತಾರೆ. ಬೇಗೂರು, ತೆರಕಣಾಂಬಿ, ಹಂಗಳದಂಥ ಗ್ರಾಮ ಪಂಚಾಯಿತಿಯ ಊರುಗಳ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಪ್ರಮಾಣಪತ್ರ ದೊರೆಯುತ್ತದೆ, ಗುಂಡ್ಲುಪೇಟೆ ಪುರಸಭೆಯ ವ್ಯಾಪ್ತಿಯಲ್ಲಿ ಓದಿದವರಿಗೆ ದೊರೆಯುವುದಿಲ್ಲ. ಅದಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯೂ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕು. ನಿಗದಿಯಾದ ನಮೂನೆಯಲ್ಲೇ ಇರಬೇಕು. ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಐದನೆಯ ತರಗತಿ ಓದಿದ ಶಾಲೆ ಹುಡುಕಿಕೊಂಡು ಹೊರಟರೆ ಬೇಸಿಗೆ ರಜೆ ಇರುತ್ತದೆ, ಇಲ್ಲವೇ ಮುಖ್ಯೋಪಾಧ್ಯಾಯರು ತರಬೇತಿಗೆ ಹೋಗಿರುತ್ತಾರೆ. ಎರಡು ಮೂರು ಶಾಲೆ ಬದಲಾಯಿಸಿದವರು ಪ್ರತಿ ಶಾಲೆಯಿಂದಲೂ ತರಬೇಕು. ಈ ದಸರೆ ರಜೆಗೆ ಮೊದಲೇ ಹೋಗಿ ಬರೆಸಿಕೊಂಡು ಬನ್ನಿ. ಹೆಸರಿನ ಇನಿಷಿಯಲ್ಲು ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ.